ಮೌನದ ಮೇಲೊಂದು ಗಟ್ಟಿಮೇಳ

ಇದೆಲ್ಲ ನಡೆದದ್ದು 1955ರ ಬೇಸಿಗೆಯಲ್ಲಿ, ಈ ಕ್ರಮದಲ್ಲಿ: ಯುಗಾದಿ ಕಳೆದ ವಾರ ಇಂಗ್ಲೆಂಡಿನ ಸಂಗೀತ ರಚನಕಾರ ಲಿಯೊನಾರ್ಡ್ ಹ್ಯಾಲಮ್ ಮೈಸೂರಿಗೆ ಬಂದಿಳಿದರು, ರಾಮನವಮಿಯ ಸುಮಾರಿಗೆ ನಜರ್‌ಬಾದಿನ ನಾಗರಿಕ ಬ್ಯಾಂಡಿಗೆಂದು ಹೊಸ ಕೃತಿಯೊಂದನ್ನು ಬರೆಯತೊಡಗಿದರು, ವೈಶಾಖದ ಲಗ್ನಗಳು ಶುರುವಾಗುವ ಹೊತ್ತಿಗೆ ಕೊನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿದ್ಧವಾಗಿತ್ತು. ಕ್ಲಾರಿನೆಟ್ ನುಡಿಸುವ ರುದ್ರಸ್ವಾಮಿಗೆ ಪೀಕಲಾಟಕ್ಕಿಟ್ಟುಕೊಂಡದ್ದು ಆ ಲಗ್ನಗಳಿಂದಲೇ.

ಬ್ಯಾಂಡ್ ಮಾಸ್ತರ್ ಬಿಂದುಮಾಧವರಾಯರದು ಒಂದೇ ನಿಯಮ. ಮದುವೆ ಮನೆಯಲ್ಲಿ ನುಡಿಸಿದವನಿಗೆ ಬ್ಯಾಂಡಿನಲ್ಲಿ ಜಾಗವಿಲ್ಲ. ಚಪ್ಪರದ ಗದ್ದಲದಲ್ಲಿ ಊದಿದರೆ ತುಟಿ ಕೆಡುತ್ತದೆ, ಶಿಸ್ತು ಅದಕ್ಕೂ ಮೊದಲೇ ಕೆಡುತ್ತದೆ ಎಂಬುದು ಅವರ ವಾದ. ರುದ್ರಸ್ವಾಮಿಗೆ ಬ್ಯಾಂಡಿನ ಮುಂದಿನ ಸಾಲಿನ ಆ ಕುರ್ಚಿ ಎಂದರೆ ಪ್ರಾಣ. ಆದರೆ ಅವನ ಕ್ಲಾರಿನೆಟ್ ಕೇಳದೆ ತಾಳಿ ಕಟ್ಟಿದರೆ ಮದುವೆಯೇ ಅಲ್ಲವೆಂದು ನಂಬಿದ ನೆಂಟರು ಮೊಹಲ್ಲಾಕ್ಕೊಬ್ಬರಿದ್ದರು. ಡ್ರಮ್ ಬಾರಿಸುವ ಕೆಂಪಯ್ಯನನ್ನು ಜೊತೆಗೆ ಕರೆದುಕೊಂಡು ಅವನು ಕದ್ದುಮುಚ್ಚಿ ಹೋಗಿಬರುತ್ತಿದ್ದ.

ಹ್ಯಾಲಮ್, ಗಿರಣಿಗಳ ಊರೊಂದರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರ ಮಗ. ಯುದ್ಧದಲ್ಲಿ ಆಂಬುಲೆನ್ಸ್ ಓಡಿಸಿದವರು. ಅಲ್ಲಿಂದ ಮರಳಿದ ಮೇಲೆ ಅವರು ಬರೆದ ಕೃತಿಗಳೆಲ್ಲ ಒಂದೇ ಬಗೆಯಲ್ಲಿ ಮುಗಿಯುತ್ತಿದ್ದವು. ವಾದ್ಯಗಳು ಒಂದೊಂದಾಗಿ ನಿಲ್ಲುವುವು, ಆಮೇಲೆ ದೀರ್ಘವಾದ ಮೌನ. ಲಂಡನ್ನಿನ ಜನ ಆ ಮೌನವನ್ನು ಗೌರವದಿಂದ ಕೇಳಿ ಗೌರವದಿಂದಲೇ ಮನೆಗೆ ಹೋಗುತ್ತಾರೆಂದು ಅವರೇ ನಗುತ್ತ ಹೇಳಿಕೊಂಡಿದ್ದರು. ಮೈಸೂರಿನ ಬೆಳಗನ್ನು ಕುರಿತ ಈ ಕೃತಿಯನ್ನಾದರೂ ಮೌನದ ಆಚೆ ದಡಕ್ಕೆ ಮುಟ್ಟಿಸಬೇಕೆಂದು ಅವರ ಆಸೆ. ಸಂಜೆ ಒಂದು ಕೊನೆ ಬರೆಯುವರು, ಬೆಳಿಗ್ಗೆ ತಾವೇ ಹೊಡೆದುಹಾಕುವರು.

ಕಛೇರಿ ಭಾನುವಾರ. ಶುಕ್ರವಾರ ಲಷ್ಕರ್ ಮೊಹಲ್ಲಾದ ಹಜಾರದಲ್ಲಿ ಅಭ್ಯಾಸ ನಡೆದಿತ್ತು. ರುದ್ರಸ್ವಾಮಿ ಮತ್ತು ಕೆಂಪಯ್ಯ ಮುಂಜಾನೆಯ ಮುಹೂರ್ತವೊಂದನ್ನು ಮುಗಿಸಿ, ಕತ್ತಿನ ಗಂಧ ಒರೆಸಿಕೊಂಡು ಬಂದು ಕುಳಿತಿದ್ದರು. ಪಕ್ಕದ ಮನೆಯ ಸರೋಜಮ್ಮ ಸಾರಿನ ಪುಡಿಗೆಂದು ಮೆಣಸಿನಕಾಯಿ ಹುರಿಯುತ್ತಿದ್ದರು. ವಾದ್ಯಗಳು ಒಂದೊಂದಾಗಿ ಇಳಿದವು. ಮೌನ ಬಂತು. ಹ್ಯಾಲಮ್ ಕೋಲನ್ನು ಗಾಳಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಮೆಣಸಿನಕಾಯಿಯ ಘಾಟು ಕಿಟಕಿಯಿಂದ ಒಳಗೆ ಬಂತು. ಹ್ಯಾಲಮ್ ಹಜಾರ ನಡುಗುವಂತೆ ಸೀನಿದರು.

ರುದ್ರಸ್ವಾಮಿ ಯೋಚಿಸಿ ಮಾಡಿದ್ದಲ್ಲ. ಮುಹೂರ್ತದ ಹೊತ್ತಿನಲ್ಲಿ ಸೀನು ಯಾರ ಕಿವಿಗೂ ಬೀಳಬಾರದು. ಬೀಳುವ ಮೊದಲೇ ಗಟ್ಟಿಮೇಳ ಎದ್ದು ಅದನ್ನು ಮುಚ್ಚಬೇಕು. ಆ ಬೆಳಿಗ್ಗೆಯಷ್ಟೇ ಅವನು ಮಾಡಿಬಂದದ್ದು ಅದನ್ನೇ. ಅವನ ಕ್ಲಾರಿನೆಟ್ ಮುಗಿಲಿಗೇರಿತು. ಕೆಂಪಯ್ಯನ ಡ್ರಮ್ಮು ಹಿಂದೆಯೇ ಗುಡುಗಿತು. ಇಬ್ಬರೂ ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ರಾಯರು ನಿಧಾನವಾಗಿ ಮುಂದೆ ಬಂದರು.

“ಇಲ್ಲೇನು ತಾಳಿ ಕಟ್ತಾ ಇದ್ರೇನ್ರೀ? ಗಂಡ್ಯಾರು, ಹೆಣ್ಯಾರು? ಶುರು ಮಾಡಿದ್ದು ಯಾರು?”

ಕೆಂಪಯ್ಯ ಡ್ರಮ್ಮಿನ ಮರೆಗೆ ಸರಿಯಲು ನೋಡಿದ. ರುದ್ರಸ್ವಾಮಿ ತನ್ನ ಕುರ್ಚಿಯನ್ನೊಮ್ಮೆ ಮುಟ್ಟಿ ಎದ್ದು ನಿಂತ.

“ನಾನೇ ಸಾರ್. ಬೆಳಿಗ್ಗೆ ಮದ್ವೇಲಿ ನುಡಿಸ್ಬುಟ್ಟು ಬಂದಿದ್ದೆ. ಸೀನು ಬಿತ್ತಲ್ಲ, ಕೈ ಸುಮ್ನಿರ್ಲಿಲ್ಲ.”

ಅಷ್ಟರಲ್ಲಿ ಮೂಗೊರೆಸಿಕೊಂಡ ಹ್ಯಾಲಮ್ ಅದೇನೆಂದು ಕೇಳಿದರು. ರಾಯರು ಮನಸ್ಸಿಲ್ಲದ ಮನಸ್ಸಿನಿಂದ ಇಂಗ್ಲಿಷಿನಲ್ಲಿ ವಿವರಿಸಿದರು. ಹ್ಯಾಲಮ್ ಕೇಳುತ್ತ ಕೇಳುತ್ತ ನಗತೊಡಗಿದರು, ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ಇಷ್ಟು ವರ್ಷ ತಾವು ಮೌನದ ಬಾಗಿಲಲ್ಲಿ ಹೆದರಿ ನಿಂತಿದ್ದಾಗಿಯೂ, ಆ ಹೊತ್ತಿನಲ್ಲಿ ಮಾಡಬೇಕಾದದ್ದು ಇಲ್ಲಿನವರಿಗೆ ಗೊತ್ತೇ ಇದೆಯೆಂದೂ ಹೇಳಿದರು. ಆಮೇಲೆ, ಈ ಗಟ್ಟಿಮೇಳ ಬಲ್ಲವರು ಇನ್ನು ಯಾರಿದ್ದೀರಿ, ದಯವಿಟ್ಟು ಕೈಯೆತ್ತಿ ಎಂದರು.

ರಾಯರು ಅದನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಮೊದಲು ಕೆಂಪಯ್ಯನ ಕೈ ಎದ್ದಿತು. ತುತ್ತೂರಿಯ ಸಿದ್ದಮಲ್ಲಪ್ಪ ಕಿವಿ ತುರಿಸಿಕೊಳ್ಳುವ ನೆಪದಲ್ಲಿ ಕೈಯನ್ನು ಅರ್ಧಕ್ಕೆ ತಂದ. ಹಿಂದಿನ ಸಾಲಿನಲ್ಲಿ ಒಂದು, ಪಕ್ಕದಲ್ಲಿ ಇನ್ನೊಂದು. ಕೊನೆಗೆ ಹಜಾರದಲ್ಲಿ ಕೈಯೆತ್ತದೆ ಉಳಿದವರು ರಾಯರೊಬ್ಬರೇ.

“ಭಲೇ,” ಎಂದರು ರಾಯರು. “ನಾನು ಇಷ್ಟು ದಿನ ನಡೆಸ್ತಾ ಇದ್ದದ್ದು ಓಲಗ ಅನ್ನಿ. ಸೋಮವಾರ ಬೆಳಿಗ್ಗೆ ತೀರ್ಮಾನ ಹೇಳ್ತೀನಿ.”

ಭಾನುವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಇದೇ ಕೊನೆಯ ಸಲವೇನೋ ಎಂಬ ಅಳುಕಿನಿಂದಲೇ ರುದ್ರಸ್ವಾಮಿ ತನ್ನ ಕುರ್ಚಿಯಲ್ಲಿ ಕುಳಿತ. ನುಡಿಸತೊಡಗಿದ ಮೇಲೆ ಅದೂ ಮರೆತುಹೋಯಿತು. ಬೆಳಗಿನ ಮಂಜು ಸರಿದಂತೆ ವಾದ್ಯಗಳು ಒಂದೊಂದಾಗಿ ಸರಿದವು. ಮೌನ ಬಂತು. ಹ್ಯಾಲಮ್ ರುದ್ರಸ್ವಾಮಿಯ ಕಡೆ ತಿರುಗಿ, ಸೀನು ಬರುವವರಂತೆ ಮೂಗು ಅರಳಿಸಿದರು.

ಇಡೀ ಬ್ಯಾಂಡು ಗಟ್ಟಿಮೇಳಕ್ಕೆ ಎದ್ದಿತು.

ಬೆನ್ನ ಹಿಂದೆ ಕುರ್ಚಿಗಳು ಜರುಗಿದ ಸದ್ದು ಕೇಳಿ ಹ್ಯಾಲಮ್ ಅವರ ಮುಖ ಸಪ್ಪಗಾಯಿತು. ಜನ ಹೊರಟರೆಂದೇ ಅವರು ಎಣಿಸಿದ್ದರು. ತಿರುಗಿ ನೋಡಿದರೆ ಇಡೀ ಸಭೆ ಎದ್ದು ನಿಂತಿತ್ತು. ಗಟ್ಟಿಮೇಳ ಕಿವಿಗೆ ಬಿದ್ದ ಮೇಲೆ ಕುಳಿತಿರುವ ಅಭ್ಯಾಸ ಯಾರಿಗೂ ಇರಲಿಲ್ಲ. ಅಕ್ಷತೆ ಸಿಗದ ಹೆಂಗಸರು ಮುಡಿಯ ಮಲ್ಲಿಗೆಯನ್ನೇ ಬಿಡಿಸಿ ವೇದಿಕೆಯತ್ತ ಎರಚಿದರು. ಒಂದು ಹೂವು ಹ್ಯಾಲಮ್ ಅವರ ಕನ್ನಡಕದ ಮೇಲೆ ಬಂದು ಕೂತಿತು. ಅದನ್ನು ತೆಗೆಯದೆ ಅವರು ಹಾಗೆಯೇ ನಿಂತು ನಕ್ಕರು.

ರುದ್ರಸ್ವಾಮಿ ಕ್ಲಾರಿನೆಟ್ಟಿನ ಮೇಲಿಂದ ಸಭೆಯ ಮೊದಲ ಸಾಲನ್ನು ನೋಡಿದ. ರಾಯರೂ ಎದ್ದಿದ್ದರು. ಅಕ್ಷತೆ ಹಿಡಿದವರಂತೆ ಅವರ ಬಲಗೈ ಮುಷ್ಟಿ ಕಟ್ಟಿ ಎದೆಯ ಮಟ್ಟಕ್ಕೆ ಬಂದಿತ್ತು. ರುದ್ರಸ್ವಾಮಿ ನೋಡುತ್ತಿರುವುದನ್ನು ಕಂಡು ಅವರು ಆ ಕೈಯನ್ನು ಕೋಟಿನ ಜೇಬಿಗೆ ಇಳಿಸಿದರು.

ಸೋಮವಾರ ಬೆಳಿಗ್ಗೆ ಬ್ಯಾಂಡಿನವರೆಲ್ಲ ಸಾಲಾಗಿ ನಿಂತರು. ರಾಯರು ಗಂಟಲು ಸರಿಮಾಡಿಕೊಂಡು ತೀರ್ಮಾನ ಹೇಳಿದರು: ಮದುವೆ ಮನೆಗಳಲ್ಲಿ ನುಡಿಸುವುದರಿಂದ ಬ್ಯಾಂಡಿನ ಶಿಸ್ತಿಗೆ ಯಾವ ಬಾಧಕವೂ ಇಲ್ಲವೆಂದು ಕಂಡುಬಂದಿದೆ.