ಮಸ್ಕಿಯ ಮಳೆ, ಲಿಂಗಸುಗೂರಿನ ಅಂಗಳ

ನಿಮ್ಮ ಜೀವನದ ದೊಡ್ಡ ಸಾಧನೆ ಯಾವುದು ಎಂದು ಯಾರಾದರೂ ಕೇಳಿದ್ದರೆ, ಶುಕ್ರವಾರ ಮಧ್ಯಾಹ್ನದವರೆಗೂ ಹನುಮಂತರಾಯರು ಎದೆಯುಬ್ಬಿಸಿ ಒಂದೇ ಉತ್ತರ ಕೊಡುತ್ತಿದ್ದರು: ಇಪ್ಪತ್ತೆರಡು ವರ್ಷ ಮಸ್ಕಿಯ ಮಳೆ ಅಳೆದದ್ದು. ಶುಕ್ರವಾರ ಮಧ್ಯಾಹ್ನದ ಮೇಲೆ, ದೇವರೇ ಆ ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳುವ ಸ್ಥಿತಿ ಬಂತು. ಇದಕ್ಕೆ ಕಾರಣ ಅವರ ಸ್ವಂತ ಮಗಳು ಜಯಶ್ರೀ, ಮತ್ತು ಅವಳ ಲ್ಯಾಪ್‌ಟಾಪಿನಲ್ಲಿ ಕೂತಿದ್ದ ಕೃತಕ ಬುದ್ಧಿ.

ಸ್ವಂತ ಬುದ್ಧಿಯ ಕಥೆ ಮೊದಲು ಹೇಳಬೇಕು. ಹನುಮಂತರಾಯರು ಮಸ್ಕಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಯಾವ ಕಚೇರಿ ಎಂಬುದು ಬೇಡ, ಮಾನ ಹೋಗುವುದಾದರೆ ಒಬ್ಬರದೇ ಹೋಗಲಿ. ಆ ಕಚೇರಿಯ ಹಿತ್ತಲಲ್ಲಿ ಮಳೆ ಅಳೆಯುವ ಡಬ್ಬಿ ಇತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಮಿಲಿಮೀಟರು ಎಷ್ಟೆಂದು ನೋಡಿ, ಒಂಬತ್ತರೊಳಗೆ ಮೇಲಿನವರಿಗೆ ಫೋನ್ ಮಾಡಿ, ರಿಜಿಸ್ಟರಿನಲ್ಲಿ ಬರೆಯಬೇಕು. ಕೆಲಸ ಸುಲಭ. ತೊಡಕು ಒಂದೇ, ಹನುಮಂತರಾಯರ ಮನೆ ಇದ್ದದ್ದು ಲಿಂಗಸುಗೂರಿನಲ್ಲಿ. ಅವರ ಬಸ್ಸು ಮಸ್ಕಿ ಮುಟ್ಟುತ್ತಿದ್ದದ್ದು ಹತ್ತೂವರೆಗೆ.

ಮೊದಲ ಎರಡು ತಿಂಗಳು ಆರೂವರೆಯ ಬಸ್ಸು ಹಿಡಿದರು. ಆಮೇಲೆ ಹುಮ್ಮಸ್ಸು ಇಳಿಯಿತು. ಆರೂವರೆಯ ಬಸ್ಸು ಹಿಡಿಯುವುದು ತಿಂಗಳಿಗೆ ನಾಲ್ಕು ದಿನಕ್ಕೆ ಬಂದು ನಿಂತಿತು. ಉಳಿದ ದಿನ ಹಾಸಿಗೆಯಿಂದಲೇ ಹೆಂಡತಿಯನ್ನು ಕೂಗುತ್ತಿದ್ದರು: "ಆದಮ್ಮಾ, ರಾತ್ರಿ ಮಳಿ ಹೆಂಗ್ ಬಂತ?" ಆದಮ್ಮ ಅಂಗಳ ಗುಡಿಸುತ್ತ ಹೇಳುತ್ತಿದ್ದಳು. "ಧೂಳ ಕುಂತೈತಿ" ಎಂದರೆ ಎರಡು ಮಿಲಿಮೀಟರು. "ಅಂಗಳ ತೊಯ್ದೈತಿ" ಎಂದರೆ ಎಂಟು. "ಗಡಗಿ ತುಂಬೈತಿ" ಎಂದರೆ ಇಪ್ಪತ್ತೈದು. "ಮಾಳಿಗಿ ಸೋರಾಕತ್ತೈತಿ" ಎಂದರೆ ನಲವತ್ತಕ್ಕೆ ಮೇಲೆ. ಹನುಮಂತರಾಯರು ಚಹಾ ಕುಡಿದು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ, "ಮಸ್ಕಿ, ಎಂಟು ಪಾಯಿಂಟ್ ನಾಲ್ಕು" ಎಂದು ಗಂಭೀರವಾಗಿ ಫೋನಿನಲ್ಲಿ ಹೇಳುತ್ತಿದ್ದರು. ಪಾಯಿಂಟ್ ಅವರ ಸ್ವಂತ ಕಾಣಿಕೆ. ಬರೀ ಎಂಟು ಎಂದರೆ ಸಂಶಯ ಬರುತ್ತದೆ, ಎಂಟು ಪಾಯಿಂಟ್ ನಾಲ್ಕು ಎಂದರೆ ಯಾರೂ ಮರುಮಾತಾಡುವುದಿಲ್ಲ. ಇಷ್ಟು ದೊಡ್ಡ ಸತ್ಯವನ್ನು ಅವರು ಯಾರ ಸಹಾಯವೂ ಇಲ್ಲದೆ ಕಂಡುಹಿಡಿದಿದ್ದರು.

ಅಕ್ಷರ ಮಾತ್ರ ಮುತ್ತಿನಂತಹದ್ದು. ರಿಜಿಸ್ಟರಿನ ಕಾರ್ಬನ್ ಪ್ರತಿ ಮನೆಗೆ ತಂದು, ಅದರಲ್ಲೇ ಪುಟ್ಟ ಜಯಶ್ರೀಗೆ ಕೂಡುವುದು, ಕಳೆಯುವುದು, ಸರಾಸರಿ ತೆಗೆಯುವುದು ಕಲಿಸಿದ್ದರು. ಅವಳಿಗೆ ಅಂಕಿಗಳ ಹುಚ್ಚು ಹತ್ತಿದ್ದೇ ಅಲ್ಲಿಂದ. ಈಗ ಸಿಂಧನೂರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ಜೊತೆಗೆ ಪಿಎಚ್‌ಡಿ. ಸುತ್ತಲಿನ ಎಲ್ಲ ಊರುಗಳ ಹಳೆಯ ಮಳೆ ಲೆಕ್ಕವನ್ನು ಯಂತ್ರಕ್ಕೆ ತಿನ್ನಿಸಿ, ಮುಂದಿನ ಮಳೆ ಯಾವಾಗ, ಯಾವ ಹೊಲಕ್ಕೆ ಯಾವತ್ತು ಬಿತ್ತಬೇಕು ಎಂದು ಅದರಿಂದ ಹೇಳಿಸುವುದು ಅವಳ ಕೆಲಸ. ಸೋಮವಾರ ಲಿಂಗಸುಗೂರಿನಲ್ಲಿ ಅದರ ಕಾರ್ಯಕ್ರಮ. ಅವತ್ತಿನಿಂದ ಮಸ್ಕಿ ಕಡೆಯ ರೈತರ ಫೋನಿಗೆ "ಬಿತ್ತಿರಿ", "ತಡೆಯಿರಿ" ಎಂಬ ಮೆಸೇಜು ಹೋಗತೊಡಗುತ್ತದೆ.

ಅದಕ್ಕೆಂದೇ ಊರಿಗೆ ಬಂದಿದ್ದ ಅವಳು ಶುಕ್ರವಾರ ಊಟವಾದ ಮೇಲೆ ಲ್ಯಾಪ್‌ಟಾಪು ತಂದು ಅಪ್ಪನ ಮುಂದಿಟ್ಟಳು.

"ಯಪ್ಪಾ, ಇಲ್ನೋಡು. ಇದು ನಿನ್ನ ಮಳಿ."

ನಕ್ಷೆಯಲ್ಲಿ ಮಸ್ಕಿ ಕಡುನೀಲಿಯಾಗಿ ಹೊಳೆಯುತ್ತಿತ್ತು. ಹನುಮಂತರಾಯರಿಗೆ ಕಣ್ಣು ತುಂಬಿ ಬಂತು. ತಮ್ಮ ಸುಳ್ಳು ಇಷ್ಟು ಚೆಂದ ಕಾಣುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಬ್ಯಾರೆ ಊರಿನ ರಿಜಿಸ್ಟರಿನ್ಯಾಗ ಎಷ್ಟೋ ದಿನ ಖಾಲಿ ಬಿಟ್ಟಾರ. ನಿಂದ್ರಾಗ ಒಂದ ದಿನಾನೂ ಖಾಲಿ ಇಲ್ಲ. ಅದಕ್ಕ ಮಶೀನ್ ಎಲ್ಲಾರಕಿಂತ ನಿನ್ನ ಲೆಕ್ಕಾನ ಹೆಚ್ಚು ನಂಬತೈತಿ."

"ಖಾಲಿ ಇದ್ದಲ್ಲಿ ಏನ್ ಮಾಡತೈತಿ?"

"ಆಜೂಬಾಜೂ ಊರು ನೋಡಿ, ಅಂದಾಜು ಮಾಡಿ, ತಾನ ತುಂಬತೈತಿ."

ಬಾಜೂ ಊರು ನೋಡಿ ಅಂದಾಜು ಮಾಡಿ ತುಂಬುವುದು! ಇದನ್ನೇ ಹನುಮಂತರಾಯರು ಕರೆಂಟು, ಕಂಪ್ಯೂಟರು ಏನೂ ಇಲ್ಲದೆ ಬರೀ ಒಂದು ಕಪ್ ಚಹಾದ ಮೇಲೆ ಮಾಡಿದ್ದರು. ಯಂತ್ರ ಮಾಡಿದರೆ ವಿಜ್ಞಾನ, ಗುಮಾಸ್ತ ಮಾಡಿದರೆ ಸಸ್ಪೆಂಡು. ಆದರೆ ಈ ವಾದವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

"ಇನ್ನೊಂದು ವಿಚಿತ್ರ ಕಂಡುಹಿಡದೈತಿ," ಎಂದಳು ಜಯಶ್ರೀ, ಕಣ್ಣರಳಿಸಿ. "ಸಿಂಧನೂರಿನ ಮಳಿ ಒಂದು ಥರ, ಗೊರೇಬಾಳದ್ದು ಇನ್ನೊಂದು ಥರ. ಆದ್ರ ಮಸ್ಕಿಗೂ ಲಿಂಗಸುಗೂರಿಗೂ ಯಾವಾಗ್ಲೂ ಒಂದ ದಿನ, ಒಂದ ಅಳತಿ ಮಳಿ. ನಡುವ ಮೂವತ್ತು ಕಿಲೋಮೀಟರ್ ಐತಿ! ಇದನ್ನ ನಾ ಹೇಳಿಕೊಟ್ಟಿಲ್ಲ ಯಪ್ಪಾ, ಅದ ತಾನಾಗೇ ಹಿಡದದ್ದು. ಯಾಕ ಹಂಗ ಇರಬೌದು?"

ಸತ್ಯ ಹೇಳಲು ದೇವರು ಕೊಟ್ಟ ಅವಕಾಶ ಅದು. ಹನುಮಂತರಾಯರು ಗಂಟಲು ಸರಿಮಾಡಿಕೊಂಡು, ಕಿಟಕಿಯಾಚೆ ನೋಡಿ, ಅನುಭವಸ್ಥರ ಧ್ವನಿಯಲ್ಲಿ ಹೇಳಿದರು:

"ಹಟ್ಟಿ ಕಡಿ ಗುಡ್ಡ ಅದಾವಲ್ಲ. ಗಾಳಿ ಅಲ್ಲಿ ಬಡದು, ಹೊಳ್ಳಿ ಮಸ್ಕಿಗೆ ಬರತೈತಿ."

ಜಯಶ್ರೀ ಅದನ್ನೂ ಟಕಟಕ ಬರೆದುಕೊಂಡಳು. ಹನುಮಂತರಾಯರು ತಮ್ಮ ಸುಳ್ಳಿಗೆ ತಾವೇ ಭೂಗೋಳ ಒದಗಿಸಿದ್ದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಮಸ್ಕಿಯ ದಾವಲ್‌ಸಾಬ್. ಕಚೇರಿಯ ಹಿಂದೆಯೇ ಅವನ ಹೊಲ, ನೌಕರಿಯ ಕಾಲದಿಂದ ಪರಿಚಯ.

"ಸಾಹೇಬ್ರ, ಸಲಾಮ್ ರೀ. ನಾಲ್ಕೆಕರೆಗೆ ಆಗೋವಷ್ಟು ತೊಗರಿ ಬೀಜ ತೆಗೆದಿಟ್ಟೀನಿ. ಬೀಜ ಅಂತ ಇರೋದು ಅಷ್ಟ. ನಮ್ಮ ಜಯಶ್ರೀ ತಂಗೀದು ಮೆಸೇಜ್ ಬಂದ ಕೂಡ್ಲೇ ಬಿತ್ತತೀನಿ. ನಮ್ಮ ಮಂದಿ ಮಶೀನ್ ಮಾತು ನಂಬಬ್ಯಾಡ ಅಂತಾರ. ನಾ ಅಂದೆ, ಅದರಾಗಿರೋದು ನಮ್ಮ ಹನುಮಂತರಾಯ ಸಾಹೇಬ್ರು ಅಳದ ಮಳಿರಪಾ, ಕಣ್ಣು ಮುಚ್ಚಿ ನಂಬ್ರಿ."

ಹನುಮಂತರಾಯರು "ಹೂಂ" ಎಂದರು. ಫೋನು ಇಟ್ಟ ಮೇಲೆ ಇನ್ನೊಂದು ಸಲ "ಹೂಂ" ಎಂದರು. ಬೇರೆ ಯಾವ ರೈತ ಈ ಮಾತು ಹೇಳಿದ್ದರೂ ಅವರು ಮೀಸೆ ನೀವಿಕೊಂಡು ಸುಮ್ಮನಿದ್ದುಬಿಡುತ್ತಿದ್ದರು. ಆದರೆ ಇದು ದಾವಲ್‌ಸಾಬನ ಹೊಲ. ಲಿಂಗಸುಗೂರಿನ ಅಂಗಳಕ್ಕೆ ಬೀಳುವ ಮಳೆ ನಂಬಿಕೊಂಡು ಅವನು ಮಸ್ಕಿಯ ಒಣ ಎರೆಮಣ್ಣಿಗೆ ಬೀಜ ಚೆಲ್ಲುತ್ತಾನೆ.

"ಜಯಶ್ರೀ," ಎಂದರು. "ಗುಡ್ಡ ಗಾಳಿ ಅಂತ ಬರದಿಯಲ್ಲ, ಅದನ್ನ ಅಳಿಸು."

"ಯಾಕ?"

"ಅದು ಗಾಳಿ ಅಲ್ಲ. ನಿಮ್ಮವ್ವ."

ಆಮೇಲೆ ಎಲ್ಲವನ್ನೂ ಹೇಳಿದರು. ಹಾಸಿಗೆ, ಚಹಾ, ಎಸ್‌ಟಿಡಿ ಬೂತು, ಪಾಯಿಂಟ್ ನಾಲ್ಕು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಆದಮ್ಮನ ಕೈ ನಿಂತಿತು. "ಅಯ್ಯ, ನಾ ನಮ್ಮ ಅಂಗಳದ ಸುದ್ದಿ ಹೇಳ್ತಿದ್ದೆ! ಅದು ಸರಕಾರಕ್ಕ ಹೋಗ್ತಿತ್ತಾ? ಗೊತ್ತಿದ್ರ ಇನ್ನಷ್ಟು ಸರಿ ನೋಡಿ ಹೇಳ್ತಿದ್ನಿ," ಎಂದಳು. ಆ ಮನೆಯಲ್ಲಿ ಕೆಲಸದ ಮೇಲೆ ನಿಷ್ಠೆ ಇದ್ದವಳು ಅವಳೊಬ್ಬಳೇ ಎಂಬುದು ಹನುಮಂತರಾಯರಿಗೆ ಸ್ಪಷ್ಟವಾಯಿತು.

ಹೇಳದೆ ಉಳಿದದ್ದು ಇನ್ನೊಂದಿತ್ತು. ಅದನ್ನೂ ಹೇಳಿದರು. 2009ರಲ್ಲಿ ಒಂದು ದಿನ ಆದಮ್ಮ "ಹನಿ ಸೈತ ಇಲ್ಲ" ಎಂದಿದ್ದಳು. ಅವರು ಸೊನ್ನೆ ಎಂದು ಫೋನು ಮಾಡಿ ಬಸ್ಸು ಹತ್ತಿದರು. ಮಸ್ಕಿಗೆ ಹೋಗಿ ನೋಡಿದರೆ ಊರೆಲ್ಲ ಕೆಸರು. ಡಬ್ಬಿಯಲ್ಲಿ ಅರವತ್ತೆರಡು ಮಿಲಿಮೀಟರು ನೀರು. ಫೋನಿನ ಲೆಕ್ಕಕ್ಕೂ ರಿಜಿಸ್ಟರಿಗೂ ಹೊಂದದಿದ್ದರೆ ಮೆಮೋ ಬರುತ್ತದೆ. ಹನುಮಂತರಾಯರು ಆಚೀಚೆ ನೋಡಿ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಮುತ್ತಿನಂತಹ ಸೊನ್ನೆ ಬರೆದರು. ಆ ಮಳೆಗೇ ದಾವಲ್‌ಸಾಬನ ಹೊಲದ ಒಡ್ಡು ಒಡೆದು ಬೆಳೆ ಕೊಚ್ಚಿಹೋಗಿತ್ತು. ಪರಿಹಾರಕ್ಕಾಗಿ ಹಾನಿ ನೋಡಲು ಬಂದ ಅಧಿಕಾರಿಗಳು ರಿಜಿಸ್ಟರು ತೆರೆದು, ಮಳೆಯೇ ಇಲ್ಲದ ದಿನ ಒಡ್ಡು ಹೇಗೆ ಒಡೆಯಿತು ಎಂದು ಕೇಳಿ, ಅವನನ್ನು ಸುಳ್ಳುಗಾರ ಎಂದು ಬರೆದುಕೊಂಡು ಹೋದರು. ಲೆಕ್ಕವನ್ನು ಮೇಲಿನವರೇ ತಿದ್ದಿದ್ದಾರೆ ಎಂದು ದಾವಲ್‌ಸಾಬ್ ತಿಳಿದ. ಹನುಮಂತರಾಯರು ಅಲ್ಲೇ ಮೇಜಿನ ಮುಂದೆ ಕೂತಿದ್ದರು. ಪೆನ್ನಿಗೆ ಮಸಿ ತುಂಬುತ್ತಿದ್ದರು.

ಜಯಶ್ರೀ ಲ್ಯಾಪ್‌ಟಾಪು ಮುಚ್ಚಿದಳು. "ಸರಾಸರಿ ತೆಗಿಯೋದು ಕಲಿಸಿದಿಯಲ್ಲ ಯಪ್ಪಾ, ಯಾವುದರ ಸರಾಸರಿ ಕಲಿಸಿದಿ?" ಎಂದಳು.

ಸಂಜೆಯೊಳಗೆ ಅವಳು ಯಾರು ಯಾರಿಗೋ ಫೋನು ಮಾಡಿ ಮಸ್ಕಿಯ ಮೆಸೇಜು ನಿಲ್ಲಿಸಿದಳು. ಸೋಮವಾರದ ಕಾರ್ಯಕ್ರಮವನ್ನೂ ಮುಂದೂಡಿಸಿದಳು. ಪಿಎಚ್‌ಡಿ ಒಂದು ವರ್ಷ ಹಿಂದಕ್ಕೆ ಹೋಯಿತು. ಶನಿವಾರ ಬೆಳಿಗ್ಗೆ ರಿಜಿಸ್ಟರಿನ ಪ್ರಿಂಟುಗಳ ದೊಡ್ಡ ಕಟ್ಟನ್ನು ಅಪ್ಪನ ಮುಂದೆ ಹಾಕಿ ಕೆಂಪು ಪೆನ್ನು ಕೊಟ್ಟಳು.

"ನೀ ಖರೇ ಖರೇ ಹೋಗಿ ಅಳದ ದಿನಕ್ಕ ಅಷ್ಟ ಟಿಕ್ ಹಾಕು. ಉಳದದ್ದು ತೆಗದು ಮಶೀನಿಗೆ ಹೊಸದಾಗಿ ಕಲಿಸ್ತೀನಿ."

ಹನುಮಂತರಾಯರು ಹುರುಪಿನಿಂದ ಶುರು ಮಾಡಿದರು. ಒಂದು ಪುಟಕ್ಕೆ ಏಳು, ಇನ್ನೊಂದಕ್ಕೆ ಒಂಬತ್ತು. ಕೈ ಸರಾಗವಾಗಿ ಓಡುತ್ತಿತ್ತು. ಜಯಶ್ರೀ ಬಂದು ನಿಂತು ನೋಡಿ, ಒಂದು ಟಿಕ್ಕಿನ ಮೇಲೆ ಬೆರಳಿಟ್ಟಳು.

"ಇದು ನಾ ಹುಟ್ಟಿದ ದಿನ. ಬೆಳಿಗ್ಗೆ ಎಂಟಕ್ಕ. ನೀ ದವಾಖಾನಿ ಮುಂದ ನಿಂತಿದ್ದಿ ಅಂತ ಅವ್ವ ಹೇಳ್ತಾಳ."

ಹನುಮಂತರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಪ್ಪೊಪ್ಪಿಗೆಯಲ್ಲೂ ಸುಳ್ಳು ಲೆಕ್ಕ ತುಂಬುವಷ್ಟು ಆ ಕೈ ಪಳಗಿತ್ತು. ಪುಟಕ್ಕೆ ಇಷ್ಟು ಟಿಕ್ಕು ಇದ್ದರೆ ಚೆಂದ ಎಂದು ಅದು ತಾನೇ ನಿರ್ಧರಿಸಿಬಿಟ್ಟಿತ್ತು. ಅವರು ಆ ಪುಟದ ಟಿಕ್ಕುಗಳನ್ನೆಲ್ಲ ಹೊಡೆದುಹಾಕಿ, ಅದರ ಮೇಲೆ ನೌಕರಿಯಲ್ಲಿ ಒಂದು ಸಲವೂ ಬರೆಯದಿದ್ದ ಪದ ಬರೆದರು: ಗೊತ್ತಿಲ್ಲ. ಮುಂದಿನ ಪುಟಕ್ಕೂ ಅದೇ. ಮೊದಲ ಎರಡು ತಿಂಗಳ ಟಿಕ್ಕು ಉಳಿದವು. ಆಮೇಲೆ ಖಾತ್ರಿಯಾಗಿ ನೆನಪಿದ್ದ ಕೆಲವು ದಿನ. ಮತ್ತು 2009ರ ಆ ಒಂದು ಸೊನ್ನೆಯನ್ನು ಕಾಟು ಹೊಡೆದು, ಪಕ್ಕದಲ್ಲಿ ಅರವತ್ತೆರಡು ಎಂದು ಬರೆದರು.

"ಇದನ್ನ ನನಗ ತೋರಿಸಿದ್ರ ಆಗೂದಿಲ್ಲ," ಎಂದಳು ಜಯಶ್ರೀ. "ನಡಿ."

ಹನ್ನೊಂದರ ಬಸ್ಸಿಗೆ ತಂದೆ ಮಗಳು ಮಸ್ಕಿಗೆ ಹೋದರು. ಮೂವತ್ತು ಕಿಲೋಮೀಟರು ಹನುಮಂತರಾಯರು ಮಾತುಗಳನ್ನು ಜೋಡಿಸಿಕೊಂಡರು. ಕ್ಷಮೆ ಕೇಳುವುದು ಹೇಗೆ, ಎಲ್ಲಿ ಧ್ವನಿ ನಡುಗಬೇಕು, ದಾವಲ್‌ಸಾಬ್ "ಇರಲಿ ಬಿಡ್ರಿ ಸಾಹೇಬ್ರ" ಎಂದಾಗ ತಾವು ಕಣ್ಣು ಒರೆಸಿಕೊಳ್ಳಬೇಕೇ ಬೇಡವೇ ಎಂಬುದೂ ತಯಾರಾಯಿತು.

ದಾವಲ್‌ಸಾಬ್ ಕಟ್ಟೆಯ ಮೇಲೆ ಬೀಜ ಹಸನು ಮಾಡುತ್ತಿದ್ದ. ಹೆಂಡತಿ ಸರ್ದಾರಬಿ ಮೊರ ಹಿಡಿದು ಕೂತಿದ್ದಳು. ಬೀಜ ಬಿತ್ತಬೇಡ, ಮೆಸೇಜು ಬರುವುದಿಲ್ಲ ಎಂದು ಹೇಳಿ, ಯಾಕೆ ಎಂದು ಹೇಳಿ, ಹನುಮಂತರಾಯರು ಆ ದಿನದ ಪ್ರಿಂಟು ಚಾಚಿದರು.

"ಅವತ್ತು ಮಳಿ ಬಂದಿತ್ತು ದಾವಲ್‌ಸಾಬ್. ಅರವತ್ತೆರಡು. ನೀರು ನಾನ ಚೆಲ್ಲಿದೆ. ಸೊನ್ನಿ ನಾನ ಬರದೆ."

ದಾವಲ್‌ಸಾಬ್ ಕಾಗದ ಇಸಕೊಂಡ. ತಾನು ನೋಡಲಿಲ್ಲ, ಹೆಂಡತಿಯ ಕೈಗೆ ಕೊಟ್ಟ.

"ನೋಡ. ಈಗರ ನಂಬತಿ?"

ಒಡ್ಡು ಒಡೆದ ವಾರ ಸರ್ದಾರಬಿ ಸಾಲಗುಂದದ ತವರುಮನೆಯಲ್ಲಿದ್ದಳು. ವಾಪಸು ಬಂದಾಗ ಹೊಲ ಕೊಚ್ಚಿಹೋಗಿತ್ತು, ಸರ್ಕಾರದ ಪುಸ್ತಕದಲ್ಲಿ ಮಳೆಯೇ ಇರಲಿಲ್ಲ. ಗಂಡ ಕಾಲುವೆಯ ನೀರು ಬಿಟ್ಟು ಮಲಗಿಬಿಟ್ಟ, ಆಮೇಲೆ ತಪ್ಪನ್ನು ಮಳೆಯ ಮೇಲೆ ಹಾಕಿದ, ಊರವರು ಅವನ ಪರ ಸುಳ್ಳು ಹೇಳುತ್ತಾರೆ ಎಂದು ಅವಳು ಹದಿನಾರು ವರ್ಷ ನಂಬಿದ್ದಳು. ದಾವಲ್‌ಸಾಬ್ ಹದಿನಾರು ವರ್ಷ ಬೈಸಿಕೊಂಡಿದ್ದ.

ಅವಳು ಕಾಗದವನ್ನು ತಿರುಗಿಸಿ ನೋಡಿದಳು. ಓದಲು ಬರುತ್ತಿರಲಿಲ್ಲ, ಆದರೂ ಕೆಂಪು ಗೆರೆಯ ಮೇಲೆ ಬೆರಳಾಡಿಸಿದಳು. "ಅಂದ್ರ ನೀ ಆ ಮಳ್ಯಾಗ ಖರೇನ ಒಡ್ಡಿಗೆ ಹೋಗಿದ್ದಿ?" ಎಂದು ಗಂಡನನ್ನು ಕೇಳಿದಳು.

"ಎದಿಮಟ ನೀರಾಗ ನಿಂತಿದ್ದೆ," ಎಂದ ದಾವಲ್‌ಸಾಬ್.

ಸರ್ದಾರಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದಾವಲ್‌ಸಾಬ್ ಅವಳ ಹತ್ತಿರ ಸರಿದು ಕೂತ. ಇಬ್ಬರೂ ಹನುಮಂತರಾಯರ ಕಡೆ ನೋಡಲಿಲ್ಲ, ಬೈಯಲಿಲ್ಲ, ಇರಲಿ ಬಿಡ್ರಿ ಎನ್ನಲೂ ಇಲ್ಲ. ಹನುಮಂತರಾಯರು ಬಿಸಿಲಿನಲ್ಲಿ ಚಪ್ಪಲಿ ಬಿಟ್ಟು ನಿಂತೇ ಇದ್ದರು, ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.