ಹಲ್ಲು ಕಟ್ಟುವವನ ಶನಿವಾರ

ಅಣ್ಣ ಸಭಾಪಾಲಕ, ತಮ್ಮ ಹಲ್ಲುಪಾಲಕ ಎಂದು ಮನೆಮಂದಿ ತಮಾಷೆ ಮಾಡುತ್ತಿದ್ದರು. ತಮ್ಮನೂ ನಗುತ್ತಿದ್ದ, ಆದರೆ ಒಳಗೊಳಗೇ ಚುರುಕ್ಕೆನ್ನುತ್ತಿತ್ತು. ಹದಿನೆಂಟು ವರ್ಷದಿಂದ ಅವನು ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿದ್ದ. ಕೈಗೆ ಬರುತ್ತಿದ್ದುದು ಬಾಯಿಯ ಅಚ್ಚು ಮಾತ್ರ. ಆ ಬಾಯಿಯವರ ಮುಖ ಕಂಡವನೇ ಅಲ್ಲ. ಚರ್ಚಿನಲ್ಲಿ ಅಣ್ಣನ ಪ್ರಸಂಗ ಕೇಳಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಇವನು ಒರೆಸಿಕೊಳ್ಳುತ್ತಿದ್ದುದು ಪ್ಲಾಸ್ಟರ್ ಧೂಳು. ‘ಕರ್ತನೇ, ನಿನ್ನ ಕೆಲಸದಲ್ಲಿ ನನಗೂ ಒಂದು ಪಾಲು ಕೊಡಪ್ಪ’ ಎಂದು ಪ್ರತಿ ಭಾನುವಾರ ಬೇಡುತ್ತಿದ್ದ.

ಒಂದು ಶನಿವಾರ ಬೆಳಗ್ಗೆ ಅಜ್ಜಿಯೊಬ್ಬರು ಬಾಗಿಲು ದಬ್ಬಿಕೊಂಡು ಕೋಣೆಗೇ ನುಗ್ಗಿದರು. ಹಿಂದೆಯೇ ಡಾಕ್ಟರು ಓಡಿ ಬಂದರು.

“ಈ ಹಲ್ಲು ಮಾಡಿದ ಮಹಾನುಭಾವ ನೀನೇನಪ್ಪಾ?”

“ಹೌದಜ್ಜಿ. ಚುಚ್ಚುತ್ತಾ?”

“ಚುಚ್ಚಲ್ಲ, ಸೀಟಿ ಹೊಡೆಯುತ್ತೆ! ‘ಸ’ ಬಂದ್ರೆ ಸಾಕು. ಬೆಳಗ್ಗೆ ಕಣ್ಮುಚ್ಚಿ ಯೇಸುಸ್ವಾಮೀ ಅಂದೆ, ಪಕ್ಕದ್ಮನೆ ನಾಯಿ ಬಾಲ ಅಲ್ಲಾಡಿಸ್ಕೊಂಡು ಬಂದು ಎದುರಿಗೆ ಕೂತಿದೆ!”

ಡಾಕ್ಟರು ನಗು ತಡೆಯಲಾರದೆ ಹೊರಗೆ ಹೋದರು. ಅಜ್ಜಿ ಸ್ಟೂಲಿನ ಮೇಲೆ ಕೂತರು. ದನಿ ಇಳಿಯಿತು.

“ನಾಳೆ ನಮ್ಮ ಚರ್ಚಿನ ಆರಾಧನೇಲಿ ಬೈಬಲ್ ವಾಕ್ಯ ಓದೋ ಸರದಿ ನಂದು. ಹಲ್ಲು ಬಿದ್ಮೇಲೆ ಎರಡು ವರ್ಷ ಬಾಯಿಗೆ ಕೈ ಅಡ್ಡ ಇಟ್ಕೊಂಡು ಹಿಂದಿನ ಬೆಂಚಲ್ಲಿ ಕೂತೆ ಕಣಪ್ಪ.”

ಅವನು ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಮುಂದಿನ ಹಲ್ಲುಗಳ ಹಿಂದೆ ಗಾಳಿ ನುಸುಳುತ್ತಿರಬೇಕು ಅನ್ನಿಸಿತು. ಅಲ್ಲಿ ಚೂರು ಮೇಣ ಮೆತ್ತಿ ಕೊಟ್ಟ.

“ಸಂತೋಷ ಅನ್ನಿ.”

ಸೀಟಿ. ಮೇಣ ಕೆರೆದು ಮತ್ತೆ ಮೆತ್ತಿದ.

“ಸಮಾಧಾನ ಅನ್ನಿ.”

ಸಣ್ಣ ಸೀಟಿ. “ನಾಯಿ ಅರ್ಧ ದಾರಿ ಬಂತು” ಎಂದರು ಅಜ್ಜಿ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಅಜ್ಜಿ ಕಣ್ಮುಚ್ಚಿ “ಯೇಸುಸ್ವಾಮಿ” ಎಂದರು. ಹೆಸರು ತಿಳಿನೀರಿನಂತೆ ಹೊರಬಂತು. ಅಜ್ಜಿ ಇನ್ನೊಮ್ಮೆ ಹೇಳಿದರು, ಮತ್ತೊಮ್ಮೆ ಹೇಳಿದರು. ಆಮೇಲೆ ಅವನ ಧೂಳು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನನ್ನ ಕರ್ತನ ಹೆಸರು ನನ್ನ ಬಾಯಿಗೆ ವಾಪಸ್ ಕೊಟ್ಟೆ, ಮಗನೇ.”

ಅವನು ಮೇಜಿನತ್ತ ನೋಡಿದ. ಹದಿನೆಂಟು ವರ್ಷದಲ್ಲಿ ಎಷ್ಟು ಬಾಯಿಗಳು! ಅವೆಲ್ಲ ಎಲ್ಲೆಲ್ಲೋ ಹಾಡಿರಬೇಕು, ಪ್ರಾರ್ಥಿಸಿರಬೇಕು, ಮೊಮ್ಮಕ್ಕಳಿಗೆ ಮುತ್ತು ಕೊಟ್ಟಿರಬೇಕು. ಬೇಡುತ್ತಿದ್ದ ಪಾಲು ದಿನವೂ ಅವನ ಮೇಜಿನ ಮೇಲೇ ಇತ್ತು.

ಸಂಜೆಯ ಹೊತ್ತಿಗೆ ಮೇಣದ ಜಾಗಕ್ಕೆ ಗಟ್ಟಿ ಪದರ ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸಿದ. ಆಮೇಲೆ ಅಣ್ಣನಿಗೆ ಫೋನ್ ಮಾಡಿದ.

“ನಾಳೆ ನಿನ್ನ ಪ್ರಸಂಗಕ್ಕೆ ಬರಲ್ಲ ಅಣ್ಣಾ. ನನ್ನ ಹಲ್ಲು ಬೇರೆ ಕಡೆ ವಾಕ್ಯ ಓದ್ತಾ ಇದೆ.”

ಅಣ್ಣ ಬಿದ್ದು ಬಿದ್ದು ನಕ್ಕ. “ಹೋಗೋ ಮಾರಾಯ, ಮುಂದಿನ ಸಾಲಲ್ಲೇ ಕೂತ್ಕೋ!”

ಭಾನುವಾರ ಅಜ್ಜಿ ಓದಿದ್ದು ಕೊನೆಯ ಬೆಂಚಿಗೂ ಕೇಳಿಸಿತು.

ಸೋಮವಾರ ಮೇಜಿನ ಮೇಲೆ ಹೊಸ ಅಚ್ಚೊಂದು ಬಂದಿತ್ತು. ಯಾರದೆಂದು ಅವನಿಗೆ ಗೊತ್ತಿಲ್ಲ. ಅದರ ಮೇಲೆ ಕೈಯಿಟ್ಟು, “ಈ ಬಾಯಿ ಚೆನ್ನಾಗಿ ನಗಲಿ, ಸ್ವಾಮಿ” ಎಂದು ಕೆಲಸಕ್ಕೆ ಕೂತ.