ಚೂಟಿ ಕಿವಿಯಿಂದ ಓದಿದ ಪಾಠ

ಈ ಕಥೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಇರಲಿ. ಬಲ್ಲವರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು. ಆದರೆ ಅವರಿಗಾಗಿ ಕಾಯುತ್ತ ಕೂತರೆ ಅಷ್ಟರಲ್ಲಿ ಇನ್ನೊಂದು ಮಗು ಶಾಲೆ ಬಿಟ್ಟೀತು ಎಂಬ ಭಯ. ತಪ್ಪಿದ್ದರೆ ತಿದ್ದಿಕೊಳ್ಳಿ.

ಪೇಟೆ ಬೀದಿಯ ತಿರುವಿನಲ್ಲಿ ಒಂದು ಕ್ಷೌರದಂಗಡಿ. ಒಂದು ಕುರ್ಚಿ, ಎದುರಿಗೆ ಕನ್ನಡಿ, ಗೋಡೆಗೆ ಒಂದು ಬೆಂಚು. ಕ್ಷೌರಿಕನಿಗೆ ಒಬ್ಬಳೇ ಮಗಳು. ಮಾತು ಅರಳು ಹುರಿದಂತೆ. ಅದಕ್ಕೇ ಎಲ್ಲರಿಗೂ ಅವಳು ಚೂಟಿ. ಆದರೆ ಪುಸ್ತಕ ತೆರೆದರೆ ಬಾಯಿಗೆ ಬೀಗ. ಏಳನೇ ತರಗತಿಗೆ ಬಂದರೂ ಒಂದು ಸಾಲು ಓದುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. "ಅಕ್ಷರ ಒಂದರ ಮೇಲೊಂದು ಹತ್ತುತ್ವೆ ಅಪ್ಪಾ" ಎನ್ನುತ್ತಿದ್ದಳು. ಕಣ್ಣಿನ ಡಾಕ್ಟರು ಕಣ್ಣು ಸರಿಯಾಗಿದೆ ಎಂದರು. ಹಾಗಾದರೆ ಇದು ಮೈಗಳ್ಳತನವೇ ಸರಿ ಎಂದುಕೊಂಡ ಅಪ್ಪ. ಬೈದು ನೋಡಿದ, ಮುದ್ದು ಮಾಡಿ ನೋಡಿದ. ಕೊನೆಗೆ ಹೆಂಡತಿಗೆ ಹೇಳಿಬಿಟ್ಟ: "ಸಾಕು. ಸೋಮವಾರ ಹೋಗಿ ಅವಳ ಹೆಸರು ತೆಗೆಸ್ತೀನಿ."

ಆ ಭಾನುವಾರ ದಪ್ಪಕ್ಷರದ ಮೇಷ್ಟ್ರು ಗಡ್ಡ ತೆಗೆಸಲು ಬಂದರು. ದಪ್ಪಕ್ಷರದ ಪುಸ್ತಕ, ಕೇಳುವ ಪುಸ್ತಕ, ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳನ್ನು ಹೊತ್ತು ಶಾಲೆಯಿಂದ ಶಾಲೆಗೆ ತಿರುಗುವವರು. ಆ ಹೆಸರು ಮಕ್ಕಳೇ ಇಟ್ಟದ್ದು. ಮುಖಕ್ಕೆ ನೊರೆ ಹತ್ತಿದ ಮೇಲೆ ಮೆಲ್ಲಗೆ ಕೇಳಿದರು:

"ಚೂಟೀನ ಶಾಲೆ ಬಿಡಿಸ್ತೀರಂತೆ?"

"ಓದೋಕೇ ಬಾರದವಳನ್ನ ಕಳಿಸಿ ಏನು ಮಾಡ್ಲಿ ಮೇಷ್ಟ್ರೇ?"

"ಅವಳಿಗೆ ಬುದ್ಧಿ ಕಡಿಮೆ ಇಲ್ಲ ಕಣ್ರೀ. ಅಚ್ಚಿನ ಅಕ್ಷರ ಹಿಡಿಯೋದು ಅವಳ ಮಿದುಳಿಗೆ ಕಷ್ಟ. ಡಿಸ್ಲೆಕ್ಸಿಯಾ ಅಂತಾರೆ. ಪಾಠನ ಮೊಬೈಲಲ್ಲಿ ಕೇಳ್ಲಿ. ಕೇಳ್ತಾ ಕೇಳ್ತಾ ಅದೇ ಸಾಲನ್ನ ದೊಡ್ಡಕ್ಷರದಲ್ಲಿ ನೋಡ್ಲಿ."

"ಕೇಳೋದೂ ಒಂದು ಓದಾ? ಅದು ಕಳ್ಳದಾರಿ!"

"ಮೊದಲು ಕತ್ತಿ ದೂರ ಇಡಿ, ಆಮೇಲೆ ಜಗಳ ಆಡೋಣ. ಈಗ ತಾನೆ ಸೇತುವೆ ಬಿರುಕು ಬಿಟ್ಟಿದ್ದನ್ನ ಪೂರ್ತಿ ಹೇಳಿದ್ರಲ್ಲ, ಎಲ್ಲಿ ಓದಿದ್ರಿ?"

"ಇವತ್ತಿನ ಪೇಪರಲ್ಲಿ."

ಬೆಂಚಿನ ಮೇಲಿದ್ದ ಪೋಸ್ಟ್ ತಾತ ಪತ್ರಿಕೆ ಕೆಳಗಿಳಿಸಿದರು. ಅಂಚೆ ಕೆಲಸದಿಂದ ನಿವೃತ್ತರಾದ ಮೇಲೆ ದಿನಾ ಅಂಗಡಿಗೆ ಬಂದು ನಡುನಡುವೆ ತಮ್ಮದೂ ಒಂದು ಮಾತು ಸೇರಿಸಿ ಗಟ್ಟಿಯಾಗಿ ಪತ್ರಿಕೆ ಓದುವುದು ಅವರ ಚಟ.

"ಓದಿದ್ದು ನಾನು ಕಣಯ್ಯಾ! ನೀನು ಗಲ್ಲ ಕೆರೀತಾ ಇದ್ದೆ."

ಬೆಂಚು ಗೊಳ್ಳೆಂದು ನಕ್ಕಿತು. ಕ್ಷೌರಿಕ ಕತ್ತಿ ಕೆಳಗಿಟ್ಟ. ಊರಿನ ಯಾವ ವಿಷಯ ಬಂದರೂ ಎದೆ ತಟ್ಟಿ ಮಾತಾಡುವ ತಾನು ಪತ್ರಿಕೆ ಬಿಡಿಸಿ ನೋಡಿ ಎಷ್ಟು ಕಾಲವಾಯಿತು? ಅದನ್ನು ಯಾರೂ ಕಳ್ಳದಾರಿ ಎಂದಿರಲಿಲ್ಲವಲ್ಲ!

"ಸರಿ, ಪರೀಕ್ಷೆ ತನಕ ನೋಡ್ತೀನಿ. ಆಮೇಲೆ ಮಾತಿಲ್ಲ" ಎಂದ.

ಮೇಷ್ಟ್ರು ಪುಸ್ತಕಗಳನ್ನು ಮೊಬೈಲಿಗೆ ಹಾಕಿಕೊಟ್ಟರು. ಇತಿಹಾಸದ ಹೊಸ ಪುಸ್ತಕ ಮಾತ್ರ ಕೇಳುವ ರೂಪದಲ್ಲಿ ಸಿಗಲಿಲ್ಲ. "ನಾನಿಲ್ವಾ?" ಎಂದರು ಪೋಸ್ಟ್ ತಾತ. ಮಧ್ಯಾಹ್ನ ಅಂಗಡಿ ಮುಚ್ಚಿ, ಫ್ಯಾನು ನಿಲ್ಲಿಸಿ, ಪಾಠ ಓದಿ ಮೊಬೈಲಿಗೆ ತುಂಬಿದರು. ಹೊರಗೆ ಗದ್ದಲವಾಗದಂತೆ ಕ್ಷೌರಿಕನೇ ಬಾಗಿಲು ಕಾದ.

ಪರೀಕ್ಷೆಯ ದಿನ, ಮೇಷ್ಟ್ರ ಮಾತಿಗೆ ಒಪ್ಪಿ, ಟೀಚರ್ ಚೂಟಿಯನ್ನು ಬಾಯಿಮಾತಿನಲ್ಲೇ ಕೇಳಿದರು. ಅಪ್ಪ ಬಾಗಿಲ ಬಳಿ ನಿಂತಿದ್ದ.

"ಬೆಟ್ಟದ ರಾಜ ಯಾಕೆ ಸೋತ?"

"ಶತ್ರುಗಳು ಕೋಟೆ ಸುತ್ತುವರಿದ್ರು ಟೀಚರ್. ಒಳಗೆ ಬಾವಿ ಇರ್ಲಿಲ್ಲ. ನೀರು ಮುಗೀತು, ಬಾಗಿಲು ತೆಗೆದ. 'ಎಂಥ ಪೆದ್ದ! ಬಾವಿ ಇಲ್ಲದ ಕೋಟೆ ಕಟ್ಟಿದವನು, ಮೇಲಕ್ಕೆ ಹರಿಯೋ ಮೋರಿ ಕಟ್ಟಿದ ನಮ್ಮೂರ ಕಂಟ್ರಾಕ್ಟರನ ಅಣ್ಣನೇ ಇರಬೇಕು' ಅಂತಾನೂ ಇದೆ."

"ಏನು? ಅದೆಲ್ಲಿದೆ ಪುಸ್ತಕದಲ್ಲಿ?"

ಅಪ್ಪನಿಗೆ ತಟ್ಟನೆ ಹೊಳೆಯಿತು. ತಾತ ಪತ್ರಿಕೆಗೆ ಹಾಕುವ ಒಗ್ಗರಣೆಯನ್ನು ಪಾಠಕ್ಕೂ ಹಾಕಿಬಿಟ್ಟಿದ್ದರು! ಟೀಚರ್ ಇದನ್ನು ಗಿಳಿಪಾಠ ಎಂದುಬಿಟ್ಟರೆ ಮಗಳ ಶಾಲೆ ಇಲ್ಲಿಗೇ ಮುಗಿಯಿತು.

ಚೂಟಿ ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ಅದು ತಾತನ ಮಾತು! ನಂಗೆ ಆಗಲೇ ಅನುಮಾನ ಬಂದಿತ್ತು. ಬೆಟ್ಟ ಪೂರ್ತಿ ಒಂದೇ ಬಂಡೆ ಅಂತ ಪಾಠದ ಮೊದಲಲ್ಲೇ ಬರುತ್ತೆ. ಬಂಡೇಲಿ ಬಾವಿ ತೋಡೋದು ಹೇಗೆ ಟೀಚರ್? ರಾಜನಿಗೆ ಬುದ್ಧಿ ಇತ್ತು, ನೀರಿರ್ಲಿಲ್ಲ."

ಟೀಚರ್ ಮುಖ ಅರಳಿತು. "ಆ ಎರಡು ಮಾತು ಜೋಡಿಸಿ ಯೋಚನೆ ಮಾಡಿದವಳು ತರಗತಿಯಲ್ಲಿ ನೀನೊಬ್ಬಳೇ" ಎಂದರು.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಎದುರಾದವರಿಗೆಲ್ಲ, ಕೇಳಲಿ ಬಿಡಲಿ, ಹೇಳಿದ: "ಪಾಠ ಓದಿದ್ದಾಳೆ ನನ್ನ ಮಗಳು. ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದಾಳೆ!" ಹೆಸರು ತೆಗೆಸುವ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕಣ್ಣು ಕಾಣದ, ಪುಸ್ತಕ ಹಿಡಿಯಲು ಕೈಗೆ ಬಲವಿಲ್ಲದ, ಅಕ್ಷರ ಕೂಡಿಸಲಾಗದ ಮಗು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ದಡ್ಡ ಎನ್ನಬೇಡಿ. ಶಾಲೆಗೆ ಹೋಗಿ ಆ ಮಗುವಿಗೆ ಒಗ್ಗುವ ಪುಸ್ತಕ ಕೇಳಿ. ಸಿಗದಿದ್ದರೆ ನೀವೇ ಓದಿ ಮೊಬೈಲಿಗೆ ತುಂಬಿಕೊಡಿ. ಇದ್ದದ್ದನ್ನು ಇದ್ದಂತೆಯೇ ಓದಿ. ಕಣ್ಣು ಕಾಣದ ಮಗುವಿಗೆ ಚಿತ್ರದಲ್ಲಿ ಏನಿದೆ ಎಂದೂ ಹೇಳಿ.

ಚೂಟಿಗೆ ಮುಂದಿನ ದೊಡ್ಡ ಪರೀಕ್ಷೆಯಲ್ಲೂ ಬಾಯಲ್ಲಿ ಉತ್ತರಿಸಲು ಬಿಡುತ್ತಾರೋ ಇಲ್ಲವೋ, ಗೊತ್ತಿಲ್ಲ. ಅವಳ ಅಕ್ಷರಗಳು ಎಂದಾದರೂ ಸಾಲಾಗಿ ನಿಂತಾವೋ ಇಲ್ಲವೋ, ಅದೂ ಗೊತ್ತಿಲ್ಲ. ಮೇಷ್ಟ್ರನ್ನು ಕೇಳಿದರೆ, ತಮಗೂ ಗೊತ್ತಿಲ್ಲ ಎಂದರು.